ನೋವಿಗೊಂದು ಫೈಲು, ನಿಲ್ಲದ ಗರ್ಭಕ್ಕೊಂದು ಫೈಲು: ಬೆಂಗಳೂರಿನ ಕನ್ಸಲ್ಟೇಷನ್‌ಗಳ ವಿಮರ್ಶೆ

ಬೆಂಗಳೂರಿನಲ್ಲಿ ಸ್ತ್ರೀರೋಗ ತಜ್ಞರಿಗೆ ಬರವಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ) ಫೈಲನ್ನೂ ತಾನಾಗಿ ಆದ ಗರ್ಭಪಾತದ ಫೈಲನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು ಓದುವವರಿಗೆ ಮಾತ್ರ ಬರ. ನೋವಿಗೆ ಒಬ್ಬರು, ಸಿಸ್ಟ್‌ಗೆ ಮತ್ತೊಬ್ಬರು, ಗರ್ಭಕ್ಕೆ ಐವಿಎಫ್ ಸೆಂಟರ್ ಅಂತ ಹಂಚಿಹೋದರೆ ಒಬ್ಬರು ಬರೆದ ಮಾತ್ರೆ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬರುತ್ತದೆ. ಡೈನೋಜೆಸ್ಟನ್ನೇ ತೆಗೆದುಕೊಳ್ಳಿ. ದಿನಕ್ಕೆ 2 ಮಿಲಿಗ್ರಾಂ, ನೋವಿಗೆ ಒಳ್ಳೆಯ ಮಾತ್ರೆ. ಆದರೆ ಅದು ಅಂಡೋತ್ಪತ್ತಿಯನ್ನು ಅಡಗಿಸುತ್ತದೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಆಗದು. "ಆರು ತಿಂಗಳು ನುಂಗಿ, ಆಮೇಲೆ ಬೇಗ ನಿಲ್ಲುತ್ತೆ" ಅನ್ನುವ ಸಲಹೆಗೆ ಆಧಾರವಿಲ್ಲ. ಗರ್ಭಧಾರಣೆ ಸುಧಾರಿಸಲೆಂದು ಹೀಗೆ ಹಾರ್ಮೋನು ಅಡಗಿಸಬೇಡಿ ಎಂದೇ ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ.

ಮೊದಲ ಭೇಟಿಯಲ್ಲಿ ಅಂಕ ಕೊಡಬೇಕಾದ್ದು ಡಾಕ್ಟರು ಕೇಳುವ ಪ್ರಶ್ನೆಗಳಿಗೆ. ನೋವು ಮುಟ್ಟಿಗೆ ಎಷ್ಟು ದಿನ ಮೊದಲೇ ಶುರುವಾಗುತ್ತದೆ? ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್ಟಿಗೆ ಕೂತಾಗ ನೋವಾ? ಸಂಭೋಗದಲ್ಲಿ ಆಳದಲ್ಲಿ ಚುಚ್ಚುತ್ತದಾ? ಗರ್ಭ ಹೋದದ್ದು ಎಷ್ಟನೇ ವಾರದಲ್ಲಿ, ಹಾರ್ಟ್‌ಬೀಟ್ ಕಂಡ ಮೇಲೋ ಮೊದಲೋ? ಇಷ್ಟನ್ನು ಕೇಳಿ ಬರೆದುಕೊಂಡರೆ ಅರ್ಧ ಪಾಸ್. "ಒಂದು ಮಗು ಆಗ್ಲಿ, ಎಲ್ಲಾ ಸರಿಹೋಗುತ್ತೆ" ಎಂದರೆ ಅಲ್ಲಿಗೇ ಫೇಲ್. ಎಂಡೊಮೆಟ್ರಿಯೋಸಿಸ್‌ಗೆ ಚಿಕಿತ್ಸೆಯೆಂದು ಬಸಿರಾಗಿ ಅನ್ನಬಾರದು ಎಂದು ಅದೇ ಮಾರ್ಗಸೂಚಿಯಲ್ಲಿದೆ. ಗರ್ಭ ಕಳೆದುಕೊಂಡು ಬಂದವರಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅನ್ನುವುದು ಬೇರೆ ವಿಷಯ.

ಆಮೇಲೆ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಐದು ನಿಮಿಷ ಸವರಿ "ನಾರ್ಮಲ್ ಸ್ಟಡಿ" ಎಂದು ಬರೆದ ರಿಪೋರ್ಟ್ ಈ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು. ಪ್ರೋಬನ್ನು ಮೆಲ್ಲಗೆ ಒತ್ತಿದಾಗ ಗರ್ಭಕೋಶ ಗುದನಾಳದ ಮೇಲೆ ಜಾರುತ್ತದೋ ಅಂಟಿಕೊಂಡು ನಿಲ್ಲುತ್ತದೋ ಎಂದು ನೋಡಬೇಕು. ಇದಕ್ಕೆ ಸ್ಲೈಡಿಂಗ್ ಸೈನ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಈ ಎರಡು ಪದಗಳಿದ್ದರೆ ಕೆಲಸ ಗೊತ್ತಿದ್ದವರು ನೋಡಿದ್ದಾರೆ ಎಂದರ್ಥ. ಕರುಳಿನ ಅನುಮಾನವಿದ್ದರೆ ಎಂಆರ್‌ಐ. ರೋಗ ಪತ್ತೆಗೆಂದು ಸಿಎ-125 ರಕ್ತಪರೀಕ್ಷೆ ಬರೆದರೆ ದುಡ್ಡು ದಂಡ. ಬರೀ ಖಚಿತಪಡಿಸಿಕೊಳ್ಳಲೆಂದು ಎಲ್ಲರಿಗೂ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಲ್ಲಿ ನೋಡುವುದು) ಮಾಡುವ ಕಾಲವೂ ಮುಗಿದಿದೆ.

ಆಪರೇಷನ್ ಅಂದಾಗ ನಿಧಾನಿಸಿ. ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಅಂಡಾಶಯದಲ್ಲಾಗುವ, ಹಳೆಯ ರಕ್ತ ತುಂಬಿದ ಗುಳ್ಳೆ) ಸುಲಿಯುವಾಗ ಒಳ್ಳೆಯ ಅಂಡಾಶಯವೂ ಜೊತೆಗೆ ಹೋಗುತ್ತದೆ, ಅಂಡಾಣು ಸಂಗ್ರಹ ಎಷ್ಟಿದೆ ಎಂದು ತೋರಿಸುವ ಎಎಂಎಚ್ ರಕ್ತಪರೀಕ್ಷೆಯ ಅಂಕಿ ಇಳಿಯುತ್ತದೆ. ಹಾಗಾಗಿ ದಿನಾಂಕ ಕೊಡುವ ಮೊದಲು ಎಎಂಎಚ್ ನೋಡದವರು, ಅದೇ ಅಂಡಾಶಯಕ್ಕೆ ಎರಡನೇ ಸಲ ಕೈಹಾಕಲು ಹಿಂಜರಿಯದವರು ಬೇಡ. ಕರುಳಿಗೆ ಅಂಟಿದ್ದರೆ ಕರುಳಿನ ಸರ್ಜನ್ ಅದೇ ಥಿಯೇಟರಿನಲ್ಲಿ ಇರುತ್ತಾರಾ ಎಂದು ಕೇಳಿ. ಇನ್ನೊಂದು, ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಮೊದಲ ಮೂರು ತಿಂಗಳ ಗರ್ಭಪಾತದ ಅಪಾಯ ಸ್ವಲ್ಪ ಹೆಚ್ಚಿರಬಹುದು. ಆಪರೇಷನ್ ಮಾಡಿಸಿದರೆ ಅದು ಕಡಿಮೆಯಾಗುತ್ತದೆ ಎಂಬುದಕ್ಕೆ ಮಾತ್ರ ಗಟ್ಟಿ ಪುರಾವೆಯಿಲ್ಲ. ಗ್ಯಾರಂಟಿ ಕೊಡುವವರಿಗಿಂತ ಇದನ್ನು ಬಾಯಿಬಿಟ್ಟು ಹೇಳುವವರಿಗೇ ನಮ್ಮ ಓಟು.

ಗರ್ಭಪಾತದ ತನಿಖೆ ಎರಡನೆಯದಾದ ಮೇಲೆ ಶುರುವಾಗಬೇಕು. ಬೇಕಾದವು ಥೈರಾಯ್ಡ್, ಗರ್ಭಕೋಶದ ಆಕಾರಕ್ಕೆ 3ಡಿ ಸ್ಕ್ಯಾನ್, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿಸುವ ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿಗಳ ಪರೀಕ್ಷೆ. ಈ ಕೊನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಒಂದೇ ರಿಪೋರ್ಟ್ ಹಿಡಿದು ರೋಗದ ಹೆಸರಿಟ್ಟುಬಿಡುವ ಡಾಕ್ಟರಿಗೆ ಅವಸರ ಜಾಸ್ತಿ. ಇನ್ನೂ ಧಾರಾಳವಾಗಿ ಬರೆಯುವ ಟಾರ್ಚ್ ಪ್ಯಾನೆಲ್‌ನಿಂದ (ರುಬೆಲ್ಲಾದಂಥ ಕೆಲವು ಸೋಂಕುಗಳ ರಕ್ತಪರೀಕ್ಷೆ) ಇಲ್ಲಿ ಉಪಯೋಗವಿಲ್ಲ. ಗಂಡನ ರಕ್ತಕಣ ಚುಚ್ಚುವ ಚಿಕಿತ್ಸೆಯೂ ಬೇಡ. ಪ್ರೊಜೆಸ್ಟರಾನ್‌ಗೆ ಜಾಗವಿದೆ: ಹಿಂದೆ ಗರ್ಭಪಾತವಾಗಿದ್ದು ಈ ಸಲವೂ ರಕ್ತ ಕಂಡರೆ 400 ಮಿಲಿಗ್ರಾಂ ದಿನಕ್ಕೆರಡು ಸಲ ಯೋನಿಯಲ್ಲಿ ಇಡುವುದು ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಸಲಹೆ.

ಹೆಚ್ಚಿನ ಕಡೆ ಎಡವಟ್ಟಾಗುವುದು ಡಿ ಅಂಡ್ ಸಿ ದಿನ, ಅಂದರೆ ಗರ್ಭಕೋಶದಲ್ಲಿ ಉಳಿದದ್ದನ್ನು ಶುಚಿ ಮಾಡುವ ದಿನ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದು ಗೊತ್ತಾಗಬೇಕಾದರೆ ಅಂಗಾಂಶ ಲ್ಯಾಬಿಗೆ ಹೋಗಬೇಕು. ನರ್ಸ್ ಅಭ್ಯಾಸಬಲದಿಂದ ಪೂರ್ತಿ ಅಂಗಾಂಶವನ್ನು ಫಾರ್ಮಲಿನ್ ಡಬ್ಬಿಗೆ ಹಾಕಿದರೆ ಜೀವಕೋಶ ಸಾಯುತ್ತದೆ, ಕಲ್ಚರ್ ಬೆಳೆಯುವುದಿಲ್ಲ. ಒಂದು ಭಾಗ ಸ್ಟೆರೈಲ್ ಸಲೈನಿನಲ್ಲಿ ಅಥವಾ ಲ್ಯಾಬ್ ಕೊಟ್ಟ ದ್ರಾವಣದಲ್ಲಿರಬೇಕು. ಜೊತೆಗೆ ತಾಯಿಯ ರಕ್ತವನ್ನೂ ಕಳಿಸಿದರೆ, ಬಂದ "ನಾರ್ಮಲ್" ನಿಜಕ್ಕೂ ಭ್ರೂಣದ್ದೋ ತಾಯಿಯದೇ ಅಂಗಾಂಶದ್ದೋ ಎಂದು ಬೇರ್ಪಡಿಸಬಹುದು. ಡಬ್ಬಿಯ ವಿಷಯವನ್ನು ಥಿಯೇಟರಿಗೆ ಹೋಗುವ ಮೊದಲೇ ಮಾತಾಡಿ. ತಾವಾಗಿಯೇ ಪ್ರಸ್ತಾಪಿಸುವ ಡಾಕ್ಟರು ಸಿಕ್ಕರೆ ಬಿಡಬೇಡಿ. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ.

ಜಾಗಗಳ ಮಾತಿಗೆ ಬಂದರೆ, ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಎಂಆರ್‌ಐ, ಕರುಳಿನ ಸರ್ಜನ್ ಒಂದೇ ಸೂರಿನಡಿ ಸಿಗುತ್ತಾರೆ, ಸಮಯ ಸಿಗುವುದಿಲ್ಲ. ಐವಿಎಫ್ ಸೆಂಟರು ಅಂಡಾಣು ಲೆಕ್ಕದಲ್ಲಿ ಪಕ್ಕಾ, ನೋವಿನ ವಿಷಯದಲ್ಲಿ ಕಿವುಡು. ಬಡಾವಣೆಯ ನರ್ಸಿಂಗ್ ಹೋಮ್ ಡಾಕ್ಟರು ಆಳದ ಆಪರೇಷನ್ ಮಾಡಲಾರರು, ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಅವರೇ. ಹಾವೇರಿಯಿಂದಲೋ ಚಿತ್ರದುರ್ಗದಿಂದಲೋ ಬರುವವರು ಊರಲ್ಲೊಬ್ಬರು, ಬೆಂಗಳೂರಲ್ಲೊಬ್ಬರು ಎಂದು ಇಬ್ಬರನ್ನಿಟ್ಟುಕೊಂಡು ಅವರವರಲ್ಲೇ ಮಾತಾಡಿಸುವುದು ಲೇಸು. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದರೆ 6ನೇ ವಾರದ ಹೊತ್ತಿಗೆ ಸ್ಕ್ಯಾನ್ ಆಗಲಿ. ಈ ಕಾಯಿಲೆಯಲ್ಲಿ ಗರ್ಭ ನಳಿಕೆಯಲ್ಲೇ ಕೂರುವ ಅಪಾಯವೂ ಹೆಚ್ಚಿರಬಹುದು. ಒಂದೇ ಪಕ್ಕದ ನೋವು, ಹೆಗಲ ನೋವು, ತಲೆಸುತ್ತು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರನ್ನು ಬದಲಿಸುವಾಗ ದಾಖಲೆ ಕೇಳಲು ಸಂಕೋಚ ಬೇಡ. 2002ರ ವೈದ್ಯಕೀಯ ನೀತಿ ನಿಯಮಾವಳಿಯಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ವಿಡಿಯೋ ಇದ್ದರೆ ಅದೂ ಬರಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಗರ್ಭಪಾತ ಎಂದು ವಾರ, ದಿನಾಂಕದ ಸಮೇತ ಬರೆಸಿಕೊಳ್ಳಿ. ಹೆರಿಗೆ ಸೌಲಭ್ಯದ ಕಾನೂನಿನಡಿ ಗರ್ಭಪಾತಕ್ಕೆ 6 ವಾರ ಸಂಬಳದ ರಜೆಯಿದೆ, ಎಚ್‌ಆರ್‌ನವರು ಕೇಳುವುದು ಆ ಒಂದು ಸಾಲನ್ನೇ.