ಒಬ್ಸ್‌ಪೈ: ಭೂಕಂಪದ ದಾಖಲೆ ಓದೋಕೆ ಒಳ್ಳೆ ಸಾಫ್ಟ್‌ವೇರ್, ಅದೂ ಪುಕ್ಕಟೆ

ಧಾರವಾಡದಲ್ಲಿ ಡಿಗ್ರಿ ಹುಡುಗರಿಗೆ ಭೂವಿಜ್ಞಾನ ಕಲಿಸುತ್ತೇನೆ. "ಭೂಕವಚ ಇಷ್ಟ ದಪ್ಪ ಐತಿ ಅಂತ ಹೆಂಗ ಗೊತ್ತಾತ್ರಿ ಸರ್? ಯಾರೂ ತೋಡಿ ನೋಡಿಲ್ಲಲ್ರಿ?" ಅಂತ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಈಗ ನಾನು ಉತ್ತರ ಹೇಳೋದಿಲ್ಲ, ಒಬ್ಸ್‌ಪೈ ತೆರೆದು ತೋರಿಸುತ್ತೇನೆ.

ಮ್ಯೂನಿಕ್‌ನಲ್ಲಿ ಹುಟ್ಟಿದ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಇದು. ನಾಲ್ಕೈದು ಸಾಲು ಬರೆದರೆ ಅಮೆರಿಕದ ಅರ್ಥ್‌ಸ್ಕೋಪ್ ಸಂಗ್ರಹದಿಂದ ದಾಖಲೆ ಇಳಿಯುತ್ತದೆ. ಅಲ್ಲಿ ಯುಎಸ್‌ಅರೇ ದಾಖಲೆಯೂ ಇದೆ. ಸುಮಾರು 400 ಕಂಪನಮಾಪಕಗಳನ್ನು 70 ಕಿ.ಮೀ.ಗೆ ಒಂದರಂತೆ ಹರವಿ, ಪಶ್ಚಿಮದಿಂದ ಪೂರ್ವಕ್ಕೆ ಸರಿಸುತ್ತಾ ಹೋದ ಯೋಜನೆ ಅದು. ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಎಲ್ ಆಕಾರದ ಅರೇ, ಅಂದರೆ ಕಂಪನಮಾಪಕಗಳ ಸಾಲು, ಇದೆ.

ಮೊದಲು ಒಂದೇ ಸ್ಟೇಷನ್ನಿನ ಗೆರೆ ತೋರಿಸುತ್ತೇನೆ. ಲಾರಿ, ಗಾಳಿ, ಸಮುದ್ರದ ಅಲೆ ಎಲ್ಲಾ ಸೇರಿ ಬರೀ ಗದ್ದಲ. ಆಮೇಲೆ 16 ಸ್ಟೇಷನ್ನುಗಳ ಗೆರೆ, ಒಂದರ ಕೆಳಗೊಂದು. ಭೂಕಂಪದ ಅಲೆ ಒಂದೊಂದು ಕಡೆ ಒಂದೊಂದು ಹೊತ್ತಿಗೆ ಮುಟ್ಟಿರುತ್ತದೆ. ಆ ತಡವನ್ನು ಸರಿಪಡಿಸಿ ಎಲ್ಲವನ್ನೂ ಕೂಡಿಸಿದರೆ ಗದ್ದಲ ಅಡಗಿ ಅಲೆ ಸುಮಾರು ನಾಲ್ಕು ಪಟ್ಟು ನಿಚ್ಚಳವಾಗುತ್ತದೆ. ಹುಡುಗರು ಆಗ ಸ್ಕ್ರೀನ್ ಹತ್ತಿರ ಎದ್ದು ಬರುತ್ತಾರೆ!

ಇನ್ನು ದಪ್ಪದ ಲೆಕ್ಕ. ಭೂಕವಚ ಮುಗಿದು ಮ್ಯಾಂಟಲ್ ಶುರುವಾಗೋ ಗಡಿಯೇ ಮೋಹೋ. ಭೂಕಂಪದಿಂದ ಮೊದಲು ಮುಟ್ಟುವ ವೇಗದ ಅಲೆ ಪಿ. ಅದು ಈ ಗಡಿ ದಾಟುವಾಗ ಅದರ ಒಂದು ಪಾಲು ಎಸ್ ಅನ್ನೋ ಇನ್ನೊಂದು ಬಗೆಯ ಅಲೆಯಾಗುತ್ತದೆ. ಎಸ್ ನಿಧಾನ, ಅದಕ್ಕೆ ಹಿಂದೆ ಬೀಳುತ್ತದೆ. ಸುಮಾರು 5 ಸೆಕೆಂಡ್ ತಡವಾದರೆ ದಪ್ಪ ಹತ್ತಿರಹತ್ತಿರ 40 ಕಿ.ಮೀ. ಮ್ಯಾಂಟಲ್‌ನಲ್ಲಿ 410 ಕಿ.ಮೀ. ಆಳದ ಗಡಿಯ ಗುರುತು 44 ಸೆಕೆಂಡಿನ ಆಸುಪಾಸು ಕಾಣುತ್ತದೆ. ಈ ದಪ್ಪದ, ಆಳದ ಲೆಕ್ಕಕ್ಕೆ ಮಾತ್ರ ಒಬ್ಸ್‌ಪೈ ಒಂದೇ ಸಾಲದು, ಆರ್‌ಎಫ್ ಅನ್ನೋ ಪ್ಯಾಕೇಜ್ ಕೂಡ ಹಾಕಿಕೊಳ್ಳಿ.

ನಮ್ಮೂರಿನ ಹೆಸರು ಹೊತ್ತ ಧಾರವಾಡ ಕ್ರೇಟಾನ್ (ಬಲು ಹಳೆಯ, ಗಟ್ಟಿ ನೆಲದ ತುಂಡು) ಕೆಳಗಿನ ಭೂಕವಚದ ದಪ್ಪ ಗೊತ್ತಾಗಿದ್ದೂ ಹೀಗೇ. ಪೂರ್ವ ಭಾಗದಲ್ಲಿ 35 ಕಿ.ಮೀ. ಆಸುಪಾಸು, ಪಶ್ಚಿಮದಲ್ಲಿ ಕೆಲವು ಕಡೆ 50 ಕಿ.ಮೀ. ಕಪ್ಪತಗುಡ್ಡದಲ್ಲಿ ಕಲ್ಲು ಒಡೆದು ನೋಡಿದ ಹುಡುಗರಿಗೆ ಅದರ ಬುಡ ಎಲ್ಲಿದೆ ಅಂತಲೂ ಗೊತ್ತಾಗಬೇಕು, ಅಲ್ವಾ?

ಕಷ್ಟ ಇಲ್ಲ ಅಂತಲ್ಲ. ಸುಮ್ನೆ ಬಟನ್ ಒತ್ತಿದರೆ ಆಗೋ ಕೆಲಸ ಅಲ್ಲ, ಪೈಥಾನ್ ಸ್ವಲ್ಪವಾದರೂ ಬರಬೇಕು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಮೀಡಿಯಂನಿಂದ ಬಂದವರ ಪಕ್ಕ ಮೊದಮೊದಲು ಮೇಷ್ಟ್ರು ಕೂರಲೇಬೇಕು. ಆದರೂ ಹುಬ್ಬಳ್ಳಿ-ಧಾರವಾಡದ, ಗದಗದ ಭೂವಿಜ್ಞಾನ ವಿಭಾಗಗಳು ಇದನ್ನು ಲ್ಯಾಬಿಗೆ ತರಲಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇನ್‌ಸ್ಟಾಲ್ ಮಾಡುವಾಗ ಕಾಂಡಾ ಅನ್ನೋ ಪ್ಯಾಕೇಜ್ ಹಾಕೋ ಸಾಧನ ಬಳಸಿ, ತಲೆನೋವು ಕಡಿಮೆ.