ಪದ್ಮಿನಿಗೆ ಹಳೆಯ ಬಾಗಿಲು: ಶಿವಾಜಿನಗರದ ಒಂದು ಗುಜರಿ ಅಂಗಡಿ, ಒಬ್ಬ ಟಿಂಕರ್

ಪ್ರೀಮಿಯರ್ ಪದ್ಮಿನಿ ಕಾರನ್ನು ಮೊದಲಿನ ರೂಪಕ್ಕೆ ತರಲು ಹೊರಟವರನ್ನು ಎಂಜಿನ್ನಿಗಿಂತ ಬಾಗಿಲುಗಳೇ ಹೆಚ್ಚು ಕಾಡುತ್ತವೆ. ಅದರ 1089 ಸಿಸಿ ಎಂಜಿನ್ನಿಗೆ ಬೇಕಾದ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಾಳ್ಮೆಯಿಂದ ವಿಚಾರಿಸಿದರೆ ಸಿಗುತ್ತವೆ. ಆದರೆ ಮುಂಬಯಿಯ ಕುರ್ಲಾದಲ್ಲಿ ಈ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಗಿರುವುದರಿಂದ, ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ಬಾಗಿಲು ಬೇಕೆಂದರೆ ಗುಜರಿಗೆ ಹೋದ ಇನ್ನೊಂದು ಪದ್ಮಿನಿಯಿಂದಲೇ ಬಿಚ್ಚಿ ತರಬೇಕು. ನಮ್ಮ ಕಾರಿನ ಎಡಗಡೆಯ ಎರಡೂ ಬಾಗಿಲುಗಳ ಕೆಳಭಾಗ ತುಕ್ಕು ತಿಂದು ಜಾಲರಿಯಂತಾಗಿದ್ದುದರಿಂದ ಶಿವಾಜಿನಗರದ ಗುಜರಿ ಸಾಲಿನ ಒಂದು ಅಂಗಡಿಯಿಂದ ಬಾಗಿಲು ಕೊಂಡು, ಆ ಅಂಗಡಿಯವರೇ ತೋರಿಸಿಕೊಟ್ಟ ಟಿಂಕರ್, ಅಂದರೆ ಕಾರಿನ ತಗಡು ಕೆಲಸದವರ ಕೈಯಲ್ಲಿ ಕೂರಿಸಿದೆವು. ಅಂಗಡಿಯನ್ನು ನಾನು ಮೆಚ್ಚುತ್ತೇನೆ. ಟಿಂಕರನನ್ನು ಅದಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇನೆ.

ಅಂಗಡಿಯ ದೊಡ್ಡ ಗುಣವೆಂದರೆ ಮಾಲಿನ ಮೂಲವನ್ನು ಮುಚ್ಚಿಡದಿರುವುದು. ಗೋಡೆಗೆ ಒರಗಿಸಿಟ್ಟಿದ್ದ ಬಾಗಿಲುಗಳಲ್ಲಿ ನೋಡಲು ಅತಿ ಚೆಂದವಾಗಿದ್ದುದನ್ನು ನಾನು ಮುಟ್ಟಿದಾಗ, "ಅದು ಬಾಂಬೆ ಟ್ಯಾಕ್ಸಿದು ಸಾರ್, ಕೆಳಗಡೆ ನೋಡ್ಕೊಂಡು ತಗೊಳ್ಳಿ" ಎಂದು ಅಂಗಡಿಯವರು ತಾವಾಗಿಯೇ ಹೇಳಿದರು. ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದ ಜಾಗದಲ್ಲಿ ಟ್ಯಾಕ್ಸಿಯ ಕಪ್ಪು ಬಣ್ಣ ಕಾಣಿಸಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಅಷ್ಟು ವರ್ಷ ಕಡಲ ಗಾಳಿ ಮತ್ತು ಮಳೆಗೆ ಒಡ್ಡಿಕೊಂಡ ಬಾಗಿಲು ಮೇಲೆ ಹೊಳೆಯುತ್ತಿದ್ದರೂ ಒಳಗೆ ಟೊಳ್ಳಾಗಿರುವ ಸಂಭವವೇ ಹೆಚ್ಚು. ನಾವು ಕೊನೆಗೆ ಆರಿಸಿಕೊಂಡದ್ದು ಬಳ್ಳಾರಿ ಕಡೆಯ ಕಾರಿನ ಜೋಡಿ. ಬಿಸಿಲಿಗೆ ಬಣ್ಣವೆಲ್ಲ ಹೋಗಿ ನೋಡಲು ದರಿದ್ರವಾಗಿದ್ದರೂ ತಗಡು ಗಟ್ಟಿಯಾಗಿತ್ತು. ಬಣ್ಣ ಹೇಗೂ ಹೊಸದಾಗಿ ಹೊಡೆಸಲೇಬೇಕಾದ್ದರಿಂದ ಒಣ ಸೀಮೆಯ ಕುರೂಪಿ ಬಾಗಿಲೇ ಲಾಭದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷಿಸಲು ಅವರು ಸಾಕಷ್ಟು ಸಮಯ ಕೊಡುತ್ತಾರೆ. ಬಾಗಿಲಿನ ಹೊರತಗಡು ಒಳಚೌಕಟ್ಟಿನ ಅಂಚನ್ನು ಸುತ್ತಿಕೊಂಡು ಮಡಿಚಿರುವ ಕೆಳಗಿನ ಮಡಿಕೆಯಲ್ಲಿಯೇ ತುಕ್ಕು ಹುಟ್ಟುವುದು. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಹೋಗಲು ಅಲ್ಲಿರುವ ಸಣ್ಣ ತೂತುಗಳು ಧೂಳು ತುಂಬಿ ಕಟ್ಟಿಕೊಂಡರೆ ನೀರು ಅಲ್ಲಿಯೇ ನಿಲ್ಲುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಮಡಿಕೆಯುದ್ದಕ್ಕೂ ಒತ್ತಿ ನೋಡಬೇಕು, ಅಯಸ್ಕಾಂತ ಆಡಿಸಿ ಎಲ್ಲಿ ತಗಡಿನ ಬದಲು ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತಿದೆ ಎಂದು ತಿಳಿದುಕೊಳ್ಳಬೇಕು, ಹಿಂಜ್ ಕೂರುವ ಜಾಗದಲ್ಲಿ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಇದಕ್ಕೆಲ್ಲ ಅಂಗಡಿಯವರು ಮುಖ ಗಂಟಿಕ್ಕಲಿಲ್ಲ. ಹಿಂಜ್, ಲಾಕ್, ಗಾಜು ಏರಿಸಿ ಇಳಿಸುವ ಗ್ಲಾಸ್ ಮಿಷಿನ್, ಮುಂಬಾಗಿಲಿನ ತ್ರಿಕೋನ ಗಾಜು ಇವೆಲ್ಲ ಸೇರಿಯೇ ಬೆಲೆ ಮಾತಾಡಿದರು, ಚೌಕಾಸಿಗೆ ಎಡೆಯಿದೆ. ಪದ್ಮಿನಿಯ ಪೂರ್ವಜನಾದ 1950ರ ದಶಕದ ಫಿಯಟ್ 1100 ಇಟ್ಟುಕೊಂಡವರಿಗೆ ಮಾತ್ರ ಇಲ್ಲಿಯ ಪದ್ಮಿನಿ ಬಾಗಿಲು ಉಪಯೋಗಕ್ಕೆ ಬರದು, ಏಕೆಂದರೆ ಆ ಕಾರಿನ ಮುಂಬಾಗಿಲಿಗೆ ಹಿಂಜ್ ಇರುವುದು ಹಿಂಬದಿಯಲ್ಲಿ.

ಟಿಂಕರಿನ ಕೆಲಸ ನೋಡಿಯೇ ಕಲಿಯಬೇಕಾದದ್ದು. ಅವರು ಮೊದಲು ಮಾಡಿದ್ದು ಬಾಗಿಲ ಕೆಲಸವೇ ಅಲ್ಲ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ಸಮತಟ್ಟಾದ ನೆಲದಲ್ಲಿ ನಿಂತಿದೆಯೇ ಎಂದು ನೋಡಿ, ಬಾಗಿಲ ಕೆಳಗಿನ ಸಿಲ್ಲಿನಲ್ಲಿ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಪದ್ಮಿನಿಗೆ ಬಾಡಿಯನ್ನು ಹೊರುವ ಪ್ರತ್ಯೇಕ ಚಾಸಿ (ಅಡಿಚೌಕಟ್ಟು) ಇಲ್ಲದಿರುವುದರಿಂದ ಸಿಲ್ ಸೊರಗಿದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಬಾಗಿದ ಬಾಡಿಗೆ ಹೊಂದಿಸಿದ ಬಾಗಿಲು ಸಿಲ್ ಸರಿಪಡಿಸಿದ ಮೇಲೆ ಚೌಕಟ್ಟಿಗೆ ತಾಗಿ ಸಿಕ್ಕಿಕೊಳ್ಳುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡುವ ವರ್ಕ್‌ಶಾಪ್‌ಗಳೇ ಹೆಚ್ಚಾಗಿರುವಾಗ, ಕೇಳದೆಯೇ ಸರಿಯಾದ ಕಡೆಯಿಂದ ಆರಂಭಿಸಿದ ಆ ಮನುಷ್ಯನ ಮೇಲೆ ನನಗೆ ಗೌರವ ಮೂಡಿತು.

ನಂತರ ಹಿಂಬಾಗಿಲನ್ನು ಮೊದಲು ಕೂರಿಸಿದರು. ಹಿಂದಿನ ಮಡ್‌ಗಾರ್ಡಿನ ಭಾಗ ಬಾಡಿಗೇ ಬೆಸೆದಿದ್ದು ಜರುಗದಾದ್ದರಿಂದ ಹಿಂಬಾಗಿಲನ್ನು ಅದಕ್ಕೆ ಹೊಂದಿಸಿ, ಮುಂಬಾಗಿಲನ್ನು ಹಿಂಬಾಗಿಲಿಗೆ ಹೊಂದಿಸುವುದು ಕ್ರಮ. ಬಾಗಿಲ ಸುತ್ತ ನೀರು ತಡೆಯುವ ರಬ್ಬರ್ ಪಟ್ಟಿ (ಬೀಡಿಂಗ್) ಇಲ್ಲದೆ, ಬಾಗಿಲೊಳಗಿನ ಲಾಕ್ ಬಿಚ್ಚಿಟ್ಟು, ಬರಿಯ ಹಿಂಜಿನ ಮೇಲೆ ಬಾಗಿಲನ್ನು ನೂರಾರು ಸಲ ತೆರೆದು ಮುಚ್ಚಿದರು. ಸುತ್ತಲಿನ ಸಂದು ಮೇಲೆ ಕೆಳಗೆ ಒಂದೇ ಅಗಲ ಬರುವವರೆಗೆ ಹಿಂಜಿನ ಹಿಂದೆ ತೆಳು ತಗಡಿನ ಚೂರುಗಳನ್ನು ಇಡುವುದು, ತೆಗೆಯುವುದು, ಮರದ ಕೊಡತಿಯಿಂದ ಮೃದುವಾಗಿ ತಟ್ಟುವುದು ನಡೆಯಿತು. ಸಂದಿನಲ್ಲಿ ಅವರು ಆಡಿಸಿದ ಮರದ ಪಟ್ಟಿ ಎಲ್ಲಿಯೂ ಸಿಕ್ಕಿಕೊಳ್ಳದೆ, ಎಲ್ಲಿಯೂ ಸಡಿಲವಾಗದೆ ಸರಿದ ಮೇಲೆಯೇ ಲಾಕ್ ಹಾಕಿದರು. ಪುಟ್ಟಿ ತುಂಬಿ ಸಂದು ಸರಿಮಾಡುವ ಸುಲಭದ ಮಾರ್ಗವನ್ನು ಅವರು ಹಿಡಿಯಲೇ ಇಲ್ಲ.

ಕೊರತೆಗಳೂ ಇವೆ. ಅಂಗಡಿಯವರು ಬಿಲ್ ಕೊಡಲು ಹಿಂಜರಿದರು. ಬಾಗಿಲು ಯಾವ ಗಾಡಿಯದು ಎಂದು ಕಾಗದದ ಮೇಲೆ ಬರೆಸಿಕೊಳ್ಳಲು ಪಟ್ಟುಹಿಡಿಯಬೇಕಾಯಿತು. ಗುಜರಿ ಮಾಲಿಗೆ ಇದು ಸಣ್ಣ ವಿಷಯವಲ್ಲ, ಕಳವಿನ ಮಾಲಲ್ಲ ಎನ್ನಲು ನಮ್ಮ ಕೈಯಲ್ಲಿ ಉಳಿಯುವುದು ಆ ಕಾಗದವೊಂದೇ. ಟಿಂಕರ್ ಹೇಳಿದ ದಿನಕ್ಕೆ ಕೆಲಸ ಮುಗಿಸಲಿಲ್ಲ, ಮತ್ತು ಬಾಗಿಲೊಳಗೆ ತುಕ್ಕುನಿರೋಧಕ ಬಳಿಯುವ ಕೆಲಸವನ್ನು ನಾವು ನೆನಪಿಸಿದ ಮೇಲೆಯೇ ಮಾಡಿದರು.

ಬೀಡಿಂಗ್ ಮಾತ್ರ ಗುಜರಿಯದು ಬೇಡ, ಹೊಸದನ್ನೇ ಜೆ.ಸಿ. ರಸ್ತೆಯಿಂದ ತನ್ನಿ. ಹೊಸ ರಬ್ಬರ್ ಗಡುಸಾಗಿರುವುದರಿಂದ ಮೊದಲ ಕೆಲವು ವಾರ ಬಾಗಿಲನ್ನು ತುಸು ಬಲವಾಗಿಯೇ ಹಾಕಬೇಕಾಗುತ್ತದೆ; ಆಗ ಅವಸರಪಟ್ಟು ಪಿಲ್ಲರಿನ ಮೇಲೆ ಲಾಕ್ ಕಚ್ಚಿಕೊಳ್ಳುವ ಸ್ಟ್ರೈಕರನ್ನು ಹೊರಕ್ಕೆ ಸರಿಸಿದರೆ, ರಬ್ಬರ್ ಒತ್ತಿ ಕುಳಿತ ಮೇಲೆ ಬಾಗಿಲು ಗಡಗಡ ಸದ್ದು ಮಾಡುತ್ತದೆ. ನಮ್ಮ ಟಿಂಕರ್ ಅದನ್ನು ಹೊಂದಿಸಿ ಸೀಮೆಸುಣ್ಣದ ಗುರುತು ಹಾಕಿ, ಮಳೆಗಾಲದವರೆಗೆ ಮುಟ್ಟಬೇಡಿ ಎಂದರು. ಹಾಗೆಯೇ ಬಿಟ್ಟಿದ್ದೇವೆ. ಈಗ ಬಾಗಿಲು ಒಂದೇ ಕೈಯ ಒತ್ತಿಗೆ ಮುಚ್ಚಿಕೊಳ್ಳುತ್ತದೆ, ನೀರೂ ಒಳಗೆ ಬರುತ್ತಿಲ್ಲ.