ಮಡಿಕೇರಿಯಿಂದ ಬೇಕಲ ಕೋಟೆಗೆ ಒಂದು ದಿನದ ವ್ಯಾನ್ ಟ್ರಿಪ್ – ಗೈಡ್ ಮಾತು ಕೇಳೋಕಾದ್ರೂ ಹೋಗಿ (4/5)

ಬೇಕಲ ಅಂದ್ರೆ ನಮ್ಮ ಕಡೆಯವ್ರಿಗೆ ಬೀಚು, ಫೋಟೋ, ವಾಪಸ್ಸು, ಅಷ್ಟೇ. ಈ ವ್ಯಾನ್‌ನವ್ರ ಟ್ರಿಪ್ ಹಾಗಲ್ಲ. ಭಾಗಮಂಡಲ, ಕರಿಕೆ, ಪಾಣತ್ತೂರು ದಾರೀಲಿ ಕಾಞಂಗಾಡ್‌ಗೆ ಇಳೀತಾರೆ, ಜೊತೆಗೆ ಚೆನ್ನಾಗಿ ಕನ್ನಡ ಮಾತಾಡೋ ಗೈಡ್ ಇರ್ತಾರೆ, ಘಾಟಿ ತಿರುವಲ್ಲೇ ಅವ್ರ ಕಥೆ ಶುರು.

ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಹೊತ್ತಿಗೆ, ಅದಕ್ಕೂ ಮುಂಚೆ ಉತ್ತರ ಕೇರಳ ಆಳ್ತಿದ್ದ ಕೋಲತ್ತಿರಿ ಅರಸರ ಕಾಲದಲ್ಲೇ ಇಲ್ಲೊಂದು ಕೋಟೆ ಇತ್ತು ಅನ್ನೋ ವಾದಾನೂ ಇದೆ ಅಂತ ಎರಡನ್ನೂ ಹೇಳಿದ್ರು. ನಮ್ಮ ಕೊಡಗು ಆಳಿದ ಹಾಲೇರಿ ಅರಸರೂ ಇದೇ ಕೆಳದಿ-ಇಕ್ಕೇರಿ ಮನೆತನದ ಕಡೆಯವ್ರು ಅಂತಾರಲ್ವಾ, 1681ರಲ್ಲಿ ಮುದ್ದುರಾಜ ಮಡಿಕೇರೀಲಿ ಕೋಟೆ ಕಟ್ಟಿದ್ದನ್ನೂ ಇದನ್ನೂ ಜೋಡಿಸಿ ಹೇಳಿದಾಗ ನಂಗೆ ನಿಜವಾಗ್ಲೂ ಮೈ ಜುಮ್ಮಂತು, ದಿನಾ ನೋಡೋ ನಮ್ಮೂರ ಕೋಟೆಗೂ ಸಮುದ್ರದ ಬಂಡೆ ಮೇಲಿನ ಈ ಕೋಟೆಗೂ ನಂಟಿದೆ ಅಂತ ಶಾಲೇಲಿ ಯಾರೂ ಹೇಳಿರ್ಲಿಲ್ಲ!

ಒಳಗೆ ಸುಮಾರು 40 ಎಕರೆ, ಪೂರ್ತಿ ಕೆಂಪು ಮುರಕಲ್ಲು. ಗೋಡೆ ಕಿಂಡಿಗಳ ಹತ್ರ ಎಲ್ಲರನ್ನೂ ಬಗ್ಗಿಸಿ ನೋಡ್ಸಿದ್ರು: ಮೇಲಿನ ಕಿಂಡಿ ದೂರದ ಶತ್ರುಗೆ, ಅದ್ರ ಕೆಳಗಿನದು ಹತ್ರ ಬಂದವ್ರಿಗೆ, ತೀರಾ ಕೆಳಗಿನದು ಗೋಡೆ ಬುಡಕ್ಕೇ ಬಂದವ್ರಿಗೆ. ಒಳಗೆ ದೊಡ್ಡ ಅರಮನೆ ಅಂತ ನಿಂತಿಲ್ಲ, ಇದು ಕಾವಲಿಗೆ ಅಂತಾನೇ ಕಟ್ಟಿದ್ದು ಅಂತ ಆ ಕಿಂಡಿ ನೋಡಿದ್ರೇನೆ ಅರ್ಥ ಆಗುತ್ತೆ. ಇಳಿಜಾರು ದಾರಿ ಹತ್ಕೊಂಡು ನಡುವಿನ ಎತ್ತರದ ಬುರುಜಿಗೆ ಹೋದ್ರೆ ಕಡಲು, ತೆಂಗಿನ ತೋಟ, ಪೇಟೆ ಎಲ್ಲಾ ಕಾಣುತ್ತೆ. 1763ರಲ್ಲಿ ಹೈದರಾಲಿ ಕೈಗೆ, ಆಮೇಲೆ ಟಿಪ್ಪು, ಕೊನೆಗೆ ಬ್ರಿಟಿಷರು. ದಕ್ಷಿಣ ಕನ್ನಡ ಜಿಲ್ಲೇಲೇ ಇದ್ದ ಜಾಗ 1956ರಲ್ಲಿ ಕೇರಳಕ್ಕೆ ಹೋಯ್ತು, ಅದನ್ನ ಹೇಳುವಾಗ ಗೈಡ್ ದನಿ ಸ್ವಲ್ಪ ತಗ್ಗಿತು.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಟೈಮಿಂಗ್‌ಗೆ. ಹೊರಡೋದೇ ಲೇಟು, ಕೋಟೆಗೆ ಮುಟ್ಟುವಾಗ ನೆತ್ತಿ ಮೇಲೆ ಬಿಸಿಲು, ಒಳಗೆ ನೆರಳು ಅಂತ ಹೇಳ್ಕೊಳ್ಳೋಕೆ ಜಾಸ್ತಿ ಇಲ್ಲ, ನಮ್ಮ ಜೊತೆ ಬಂದಿದ್ದ ಅಜ್ಜಿ ಬಾಗಿಲ ಹತ್ರ ಆಂಜನೇಯನ ಗುಡಿ ಪಕ್ಕಾನೇ ಕೂತ್ಬಿಟ್ರು. ಮೆಟ್ಟಿಲಿರೋ ಹಳೇ ಕೊಳ ನೋಡೋಕೂ ಅವಸರ ಮಾಡಿದ್ರು. ಊಟ ಪರ್ವಾಗಿಲ್ಲ, ಮೀನು ಫ್ರೆಶ್ ಇತ್ತು.

ಬೆಳಗ್ಗೆ ಬೇಗ ಹೊರಟು ಸಂಜೆ ಚಂದ್ರಗಿರಿ ಕೋಟೇನೂ ಸೇರಿಸಿದ್ರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದ್ರೂ ನಾನು ಬರ್ತೀನಿ, ಅದೂ ಕೆಳದಿಯವ್ರದ್ದೇ. ಹೋಗೋವ್ರು ಟೋಪಿ, ನೀರು ಮರೀಬೇಡಿ, ಕರಿಕೆ ತಿರುವಿಗೆ ವಾಂತಿ ಮಾತ್ರೆನೂ ಇಟ್ಕೊಳ್ಳಿ.